ಭಾವ ಎದುರಿಗೇ ನಿಂತಿದ್ದರು, ನನಗೆ ಕಾಣಲಿಲ್ಲ. ತಪ್ಪು ಕಣ್ಣಿನದೋ ತಲೆಯದೋ?

ಡೊಂಬಿವಲಿಕರ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಗಬೇಡಿ, ಇವತ್ತು ಬೆಳಿಗ್ಗೆಯೇ ನಡೆದದ್ದು.

ಹುಬ್ಬಳ್ಳಿ ಗಾಡಿಗೆ ಅಕ್ಕನ ಗಂಡ ದಾದರ್‌ಗೆ ಬರುವವರಿದ್ದರು. ಇಳಿದ ಮೇಲೆ ಫೋನ್ ಮಾಡಿ "ನೀಲಿ ಚೆಕ್ಸ್ ಶರ್ಟ್ ಹಾಕ್ಕೊಂಡೀನಿ, ಬ್ರಿಜ್ ಮೆಟ್ಟಲ ಹತ್ರ ಇರ್ತೀನಿ" ಅಂದರು. ಅಷ್ಟರಲ್ಲಿ ಅವರ ಫೋನಿನ ಚಾರ್ಜ್ ಮುಗಿಯಿತು. ಭಾನುವಾರವಾದರೂ ದಾದರ್ ದಾದರೇ. ಮೇಲಿಂದ ಮಳೆ ಬೇರೆ.

ಇಪ್ಪತ್ತು ನಿಮಿಷ ಹುಡುಕಿದೆ. ನೀಲಿ ಶರ್ಟಿನ ಕಾಲೇಜು ಹುಡುಗ, ನೀಲಿ ತಾಡಪತ್ರಿ, ನೀಲಿ ಡ್ರಮ್ಮು, ಯಾರದೋ ನೀಲಿ ಟಿಫಿನ್ ಬ್ಯಾಗು. ದಾದರ್‌ನಲ್ಲಿ ಇಷ್ಟೊಂದು ನೀಲಿ ಇದೆ ಅಂತ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನನಗೆ ಗೊತ್ತಾಗಿರಲಿಲ್ಲ. ಕೊನೆಗೆ ಯಾರೋ ಬೆನ್ನಿಗೆ ಗುದ್ದಿದರು. "ಏನಪಾ, ಕಣ್ಣು ಕಾಣಂಗಿಲ್ಲೇನ ನಿನಗ? ಎರಡು ಸಲ ನನ್ನ ಮಾರಿ ನೋಡಿಕೋತ ಹೋದಿ!"

ಭಾವ ವಡಾಪಾವ್ ಗಾಡಿ ಪಕ್ಕದಲ್ಲಿ, ಹತ್ತೇ ಅಡಿ ದೂರದಲ್ಲಿ ನಿಂತಿದ್ದರಂತೆ. ಮಳೆ ಅಂತ ಶರ್ಟಿನ ಮೇಲೆ ಕಂದು ರೇನ್‌ಕೋಟ್ ಹಾಕಿದ್ದರು. ಮೂವತ್ತು ವರ್ಷದಿಂದ ನೋಡಿದ ಮುಖ ಅದು. ಮಧ್ಯಾಹ್ನ ಊಟದವರೆಗೆ ಸರಿಯಾಗಿ ಮಾತಾಡಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನನ್ನ ಕಣ್ಣು ಅವರ ಮುಖವನ್ನು ಮಿದುಳಿಗೆ ಕಳಿಸಿತ್ತೋ ಇಲ್ಲವೋ? ಕಳಿಸಿದ್ದರೆ, "ಇದು ನೀಲಿ ಅಲ್ಲ" ಅಂತ ಮಿದುಳು ಬಿಸಾಡಿತೋ? ಬಲ್ಲವರು ಹೇಳಿ. ಭಾವನಿಗೆ ಉತ್ತರ ಕೊಡಬೇಕು.

ಮಾಟುಂಗಾ ಮಾಣಿ · 9:58

ಮಾರಾಯ್ರೆ, ಇದಕ್ಕೆ ಬೇಜಾರು ಮಾಡ್ಕೋಬೇಡಿ. ನಾನು ಹದಿನಾಲ್ಕು ವರ್ಷ ಹೋಟೆಲಿನಲ್ಲಿ ಸಪ್ಲೈ ಮಾಡಿದವನು, ಈಗ ಕ್ಯಾಶಿಗೆ ಕೂತಿದ್ದೇನೆ. ಸಪ್ಲೈ ಮಾಡುವಾಗ ನನಗೆ ಟೇಬಲ್ ಕಾಣ್ತಿತ್ತು, ಮನುಷ್ಯ ಕಾಣ್ತಿರಲಿಲ್ಲ. ಒಂದು ಸಲ ನಾಲ್ಕನೇ ಟೇಬಲಿನವರು ಕೈ ತೊಳೆಯಲು ಎದ್ದರು, ಆ ಜಾಗದಲ್ಲಿ ಬೇರೆಯವರು ಬಂದು ಕೂತರು. ಇಬ್ಬರದ್ದೂ ಬಿಳಿ ಶರ್ಟು. ಹಳಬರ ಬಿಲ್ಲು ಹೊಸಬರ ಮುಂದೆ ಇಟ್ಟೆ. ಅವರು ಇನ್ನೂ ನೀರು ಕೂಡ ಕುಡಿದಿರಲಿಲ್ಲ! ಒಬ್ಬರು ದಪ್ಪ, ಇನ್ನೊಬ್ಬರು ಸಣಕಲು. ನನಗೆ ಬೇಕಾಗಿದ್ದು "ನಾಲ್ಕು, ಎರಡು ಇಡ್ಲಿ ಒಂದು ವಡೆ, ಒಂದು ಕಾಫಿ" ಅಷ್ಟೇ.

ಈಗ ಕ್ಯಾಶಿನಲ್ಲಿ ಉಲ್ಟಾ. ಮುಖ ಕಾಣುತ್ತೆ. ಯಾರು ಬಿಲ್ ಕೊಡದೆ ಜಾರುತ್ತಾರೆ ಅಂತ ನೋಡಬೇಕಲ್ಲ.

ಕೋಥ್ರುಡ್ ಕಾಕಾ · 10:15

ಪುಣೆಯಿಂದ ನನ್ನದೂ ಒಂದು ಮಾತು. ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ? ಕಣ್ಣು ಕ್ಯಾಮೆರಾ. ಬಂದದ್ದನ್ನೆಲ್ಲ ಒಳಗೆ ಕಳಿಸುತ್ತದೆ. ಆಮೇಲೆ ಮಿದುಳು ಬೇಕಾದ್ದು ಇಟ್ಟುಕೊಳ್ಳುತ್ತೆ, ಬೇಡದ್ದು ಬಿಡುತ್ತೆ. ಗಮನ ಇರಲಿಲ್ಲ, ಕಾಣಲಿಲ್ಲ. ಮುಗೀತು.

ಪೊವಾಯಿ ಪುಸ್ತಕಹುಳ · 10:52

ಕಾಕಾ, ಅಷ್ಟು ಬೇಗ ಮುಗಿಸಬೇಡಿ! ನಾನು ಓದುತ್ತಿರುವುದೇ ಈ ವಿಷಯ.

ಮೊದಲು ಕ್ಯಾಮೆರಾ ಮಾತು. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರಿನಷ್ಟು ಜಾಗ ಮಾತ್ರ ನಿಮಗೆ ನಿಜವಾಗಿ ಸ್ಪಷ್ಟ. ಸುತ್ತಲಿನದು ಮಸುಕು. ಮಸುಕು ಅಂತ ಅನಿಸುವುದಿಲ್ಲ, ಯಾಕೆಂದರೆ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತಾ ಇರುತ್ತೆ. ಪಕ್ಕದ ಪೇಪರಿನ ಒಂದು ಅಕ್ಷರದ ಮೇಲೆ ಕಣ್ಣು ಕದಲಿಸದೆ ನಿಲ್ಲಿಸಿ, ಮೂರು ಪದದಾಚೆ ಏನಿದೆ ಅಂತ ಓದಲು ನೋಡಿ. ಆಗಲ್ಲ. ಅಂದ್ರೆ ಎಲ್ಲಿಗೆ ಜಿಗಿಯಬೇಕು ಅನ್ನುವ ತೀರ್ಮಾನ ಮೊದಲು, ನೋಟ ಆಮೇಲೆ.

ಆಗ ನಮ್ಮ ಕೈಯಲ್ಲಿರುವ ಕೆಲಸವೇ ಆ ತೀರ್ಮಾನ ಮಾಡುತ್ತೆ. ಇದನ್ನು ಸೋವಿಯತ್ ರಷ್ಯಾದ ಆಲ್ಫ್ರೆಡ್ ಯಾರ್ಬಸ್ 1960ರ ದಶಕಕ್ಕೂ ಮೊದಲೇ ಅಳೆಯಲು ಶುರುಮಾಡಿದ್ದರು. ಕಣ್ಣಿನ ಮೇಲೆ ಪುಟ್ಟ ಹೀರುಬಟ್ಟಲಿನಂಥ ಸಾಧನ ಅಂಟಿಸುತ್ತಿದ್ದರು, ಕೇಳಿದರೇ ಕಣ್ಣು ಉರಿಯುತ್ತೆ. ಇಲ್ಯಾ ರೆಪಿನ್ ಬರೆದ ಒಂದು ಚಿತ್ರ ತೋರಿಸಿದರು. ಗಡೀಪಾರಾಗಿದ್ದ ಮನುಷ್ಯ ಹೇಳದೆ ಕೇಳದೆ ಮನೆಗೆ ಬಂದಿದ್ದಾನೆ, ಮನೆಯವರು ದಂಗಾಗಿದ್ದಾರೆ. ಅದೇ ಚಿತ್ರ, ಆದರೆ ಪ್ರತಿ ಸಲ ಬೇರೆ ಪ್ರಶ್ನೆ. "ಇವರ ವಯಸ್ಸೆಷ್ಟು?" ಅಂದರೆ ಕಣ್ಣು ಮುಖಗಳಿಗೇ ಅಂಟಿಕೊಂಡಿತು. "ಬಟ್ಟೆ ನೆನಪಿಟ್ಟುಕೊಳ್ಳಿ" ಅಂದರೆ ಮೇಲಿಂದ ಕೆಳಗೆ ಹರಿಯಿತು. "ಎಷ್ಟು ಕಾಲದ ಮೇಲೆ ಬಂದಿದ್ದಾನೆ?" ಅಂದರೆ ಬಂದವನ ಮುಖದಿಂದ ಮನೆಯವರ ಮುಖಕ್ಕೆ, ಮತ್ತೆ ವಾಪಸು. ಕಣ್ಣು ಓಡಿದ ಗೆರೆ ನೋಡಿದರೆ ಇವು ಒಂದೇ ಚಿತ್ರದವು ಅಂತ ಅನಿಸುವುದಿಲ್ಲ.

ಡೊಂಬಿವಲಿಕರ ಸರ್, ಅರ್ಧ ಉತ್ತರ ಇದು. ನಿಮ್ಮ ಕಣ್ಣು ನೀಲಿಯಿಂದ ನೀಲಿಗೆ ಜಿಗಿಯುತ್ತಿತ್ತು. ಭಾವನ ಮುಖದ ಮೇಲೆ ಅದು ನಿಂತಿರುವುದೇ ಅನುಮಾನ.

ಡೊಂಬಿವಲಿಕರ · 11:05

ಆದ್ರೆ ಭಾವ "ಮಾರಿ ನೋಡಿಕೋತ ಹೋದಿ" ಅಂತಾರಲ್ಲ ಮೇಡಂ. ಕಣ್ಣಿಗೆ ಕಣ್ಣು ಸೇರಿತ್ತಂತೆ. ಅವರು ನಕ್ಕರೂ ನಗಲಿಲ್ಲವಂತೆ ನಾನು.

ಎಕ್ಸ್‌ರೇ ಅಕ್ಕ · 11:20

ಅದೂ ಆಗುತ್ತೆ. ನಾನು ಠಾಣೆಯಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ನಮ್ಮ ಟ್ರೈನಿಂಗಿನಲ್ಲಿ ಹೇಳಿದ ಒಂದು ಪ್ರಯೋಗ ಇವತ್ತಿಗೂ ಮರೆತಿಲ್ಲ. 2013ರದು, ಅಮೆರಿಕದಲ್ಲಿ ಮಾಡಿದ್ದು. 24 ಜನ ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸ್ಕ್ಯಾನ್ ಕೊಟ್ಟು, ಗಂಟು ಹುಡುಕಿ ಅಂದರು. ಕೊನೆಯ ಸ್ಕ್ಯಾನಿನೊಳಗೆ ಒಂದು ಗೊರಿಲ್ಲಾ ಚಿತ್ರ ಸೇರಿಸಿಟ್ಟಿದ್ದರು! ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದು. 24ರಲ್ಲಿ 20 ಜನಕ್ಕೆ ಕಾಣಲಿಲ್ಲ. ಕಣ್ಣಿನ ಚಲನೆ ಕೂಡ ಅಳೆದಿದ್ದರು. ಕಾಣದವರಲ್ಲಿ ಹೆಚ್ಚಿನವರ ಕಣ್ಣು ನೇರವಾಗಿ ಗೊರಿಲ್ಲಾ ಇದ್ದ ಜಾಗದ ಮೇಲೇ ಹೋಗಿತ್ತು.

ಅವರು ದಡ್ಡರಲ್ಲ. ಬಿಳಿ ಸಣ್ಣ ಗಂಟು ಹುಡುಕುವುದರಲ್ಲಿ ಪಳಗಿದವರು. ಗೊರಿಲ್ಲಾ ಕಪ್ಪು.

ಇದು ತಮಾಷೆ ಅಂತ ಬಿಡುವ ಹಾಗಿಲ್ಲ. ನಮ್ಮ ಮಾವನವರಿಗೆ ಒಂದು ಕಡೆ ಎದೆಯ ಎಕ್ಸ್‌ರೇ ಆಯಿತು. ಚೀಟಿಯಲ್ಲಿ "ನ್ಯುಮೋನಿಯಾ ಇದೆಯೇ?" ಅಂತ ಬರೆದಿತ್ತು. ಇಲ್ಲ ಅಂತ ರಿಪೋರ್ಟ್ ಬಂತು. ಭುಜದ ಹತ್ತಿರ ಮೂಳೆ ಬಿರುಕು ಬಿಟ್ಟಿದ್ದು ಅದೇ ಫಿಲ್ಮಿನಲ್ಲಿ ಇತ್ತು. ಎರಡು ವಾರ ಯಾರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ, ಅದೇ ಹೆಚ್ಚು ಹೊಟ್ಟೆ ಉರಿಯೋದು. ಮನೆಯಲ್ಲಿ ಫಿಲ್ಮ್ ಹಿಡಿದು ನಾನೂ ಶ್ವಾಸಕೋಶವನ್ನೇ ನೋಡಿದ್ದೆ.

ಕೋಥ್ರುಡ್ ಕಾಕಾ · ಸೋಮವಾರ ಬೆಳಿಗ್ಗೆ 7:30

ಅಕ್ಕಾವ್ರೇ, ಈಗ ಹೇಗಿದ್ದಾರೆ ಮಾವನವರು?

ಆದರೆ ನೋಡಿ, ಇದು ನನ್ನ ಮಾತನ್ನೇ ಗಟ್ಟಿ ಮಾಡಿತು. ಕಣ್ಣು ಗೊರಿಲ್ಲಾ ಮೇಲೆ ಹೋಯಿತು, ಚಿತ್ರ ಒಳಗೆ ಹೋಯಿತು, ಆಮೇಲೆ ಮಿದುಳು ಬಿಟ್ಟಿತು. ಕ್ಯಾಮೆರಾ ಕೆಲಸ ಮಾಡಿದೆ, ಎಡಿಟರ್ ಕತ್ತರಿಸಿದ್ದಾನೆ.

ಎಕ್ಸ್‌ರೇ ಅಕ್ಕ · 7:41

ಆರಾಮಾಗಿದ್ದಾರೆ ಕಾಕಾ. ಕೇರಂ ಆಡುತ್ತಿದ್ದಾರೆ, ಎಡಗೈಯಲ್ಲಿ.

ಪೊವಾಯಿ ಪುಸ್ತಕಹುಳ · 8:35 (ಲೋಕಲ್‌ನಲ್ಲಿ ನಿಂತುಕೊಂಡು ಬರೀತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ)

ಕಾಕಾ, ನಿಮ್ಮ ಎಡಿಟರ್ ಎಲ್ಲಿ ಕೂತಿದ್ದಾನೆ ಅನ್ನುವುದೇ ಇಲ್ಲಿ ಪ್ರಶ್ನೆ. ನೀವು ಅವನನ್ನು ಕೊನೆಯಲ್ಲಿ ಕೂರಿಸಿದ್ದೀರಿ. ಅವನು ದಾರಿಯುದ್ದಕ್ಕೂ ಇದ್ದಾನೆ.

1999ರಲ್ಲಿ ಓ'ಕ್ರೇವನ್, ಡೌನಿಂಗ್, ಕ್ಯಾನ್‌ವಿಶರ್ ಅಂತ ಮೂವರು ಒಂದು ಚೆಂದದ ಪ್ರಯೋಗ ಮಾಡಿದರು. ಒಂದು ಮುಖ, ಒಂದು ಮನೆ, ಎರಡನ್ನೂ ಪಾರದರ್ಶಕ ಮಾಡಿ ಒಂದರ ಮೇಲೊಂದು ಕೂರಿಸಿದರು. ಮಳೆಗಾಲದಲ್ಲಿ ಲೋಕಲ್ ಕಿಟಕಿ ಗಾಜಿನಲ್ಲಿ ನಮ್ಮ ಮುಖವೂ ಕಾಣುತ್ತೆ, ಹೊರಗಿನ ಬಿಲ್ಡಿಂಗೂ ಕಾಣುತ್ತೆ, ಅಲ್ವಾ? ಹಾಗೆ. ನಮ್ಮ ಮಿದುಳಿನಲ್ಲಿ ಮುಖ ಕಂಡಾಗ ಜಾಸ್ತಿ ಕೆಲಸ ಮಾಡುವ ಒಂದು ಜಾಗ ಇದೆ, ಮನೆ, ಬೀದಿ, ಜಾಗ ಕಂಡಾಗ ಕೆಲಸ ಮಾಡುವ ಇನ್ನೊಂದು ಜಾಗ ಇದೆ. ಮುಖ ಗಮನಿಸಿ ಅಂದಾಗ ಮುಖದ ಜಾಗ ಚುರುಕಾಯಿತು, ಮನೆ ಗಮನಿಸಿ ಅಂದಾಗ ಮನೆಯ ಜಾಗ. ಕಣ್ಣಿನೊಳಗೆ ಬಿದ್ದ ಚಿತ್ರ ಒಂದೇ. ಮನಸ್ಸಿಗೆ ಕೊಟ್ಟ ಕೆಲಸ ಬದಲಾಯಿತು, ನೋಡುವ ಯಂತ್ರದ ಓಟವೇ ಬದಲಾಯಿತು.

ಅದಕ್ಕೂ ಮೊದಲು, 1985ರಲ್ಲಿ, ಮೋರಾನ್ ಮತ್ತು ಡೆಸಿಮೋನ್ ಕೋತಿಗಳ ಮಿದುಳಿನಲ್ಲಿ ಒಂದೊಂದೇ ನರಕೋಶದ ಮಾತು ಕೇಳಿದ್ದರು. ವಿ-ಫೋರ್ ಅನ್ನುವ ಭಾಗ, ಕಣ್ಣಿನ ಸುದ್ದಿ ಹೋಗುವ ದಾರಿಯ ನಡುವಿನ ಒಂದು ನಿಲ್ದಾಣ. ಒಂದು ಕೋಶ ನೋಡುವ ಕಿಟಕಿಯೊಳಗೆ ಎರಡು ವಸ್ತು ಇಟ್ಟರು, ಒಂದು ಆ ಕೋಶಕ್ಕೆ ಇಷ್ಟವಾದದ್ದು, ಇನ್ನೊಂದು ಅಲ್ಲದ್ದು. ಕೋತಿ ಇಷ್ಟವಿಲ್ಲದ್ದನ್ನು ಗಮನಿಸುತ್ತಿದ್ದರೆ, ಇಷ್ಟವಾದದ್ದು ಪಕ್ಕದಲ್ಲೇ ಇದ್ದರೂ ಕೋಶ ಹೆಚ್ಚುಕಡಿಮೆ ಸುಮ್ಮನಿತ್ತು. ಗಮನ ಇಟ್ಟ ವಸ್ತುವಿನ ಸುತ್ತ ಕಿಟಕಿ ಕುಗ್ಗಿದ ಹಾಗೆ.

ಘಾಟ್ಕೋಪರ್ ಬಂತು. ಉಳಿದದ್ದು ಆಮೇಲೆ.

ಮಾಟುಂಗಾ ಮಾಣಿ · 8:50

ಘಾಟ್ಕೋಪರಿನಲ್ಲಿ ಇಳಿಯುವವರ ಮುಖ ಯಾರೂ ನೋಡಲ್ಲ ಬಿಡಿ. ಎಲ್ಲರೂ ಬಾಗಿಲು ಮಾತ್ರ ನೋಡೋದು.

ವಾಸ್ಕೋ ಹುಡುಗ · 10:10

ಗೋವಾದಿಂದ ಹಾಜರಿ. ನಮ್ಮ ಮನೆಯಲ್ಲಿ ಮೀನು ಮಾರ್ಕೆಟ್ಟಿಗೆ ಹೋದ್ರೆ ಅಮ್ಮನಿಗೆ ಕಿವಿರು ಕಾಣುತ್ತೆ, ನನಗೆ ರೇಟು ಕಾಣುತ್ತೆ. ಬಂಗಡೆ ಒಂದೇ.

ಸುಮ್ನೆ ಓದುವವ · 12:25

ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ, ಕೇಳಿಬಿಡ್ತೀನಿ. ನಮ್ಮ ಏರಿಯಾದಲ್ಲಿ ಒಂದು ಕ್ಲಾಸು "ಮಿಡ್‌ಬ್ರೇನ್ ಆಕ್ಟಿವೇಶನ್" ಅಂತ ಮಾಡಿ ಮಕ್ಕಳಿಗೆ ಕಣ್ಣು ಕಟ್ಟಿಕೊಂಡು ಓದುವುದು ಕಲಿಸುತ್ತೀವಿ ಅಂದರು. ಎಂಟು ಸಾವಿರ ಕಟ್ಟಿದೆ. ಮಗ ಮನೆಗೆ ಬಂದು ಪಟ್ಟಿ ಕಟ್ಟಿಕೊಂಡು ಇಸ್ಪೀಟು ಎಲೆಯ ಬಣ್ಣ ಹೇಳಿದ. ನಾವೆಲ್ಲ ಚಪ್ಪಾಳೆ. ಅಜ್ಜಿ ಮಾತ್ರ ಹತ್ತಿರ ಹೋಗಿ ಮೂಗಿನ ಪಕ್ಕದ ಸಂದಿಗೆ ಸೆರಗು ತುರುಕಿದರು. ಅಲ್ಲಿಗೆ ವಿದ್ಯೆ ಮುಗೀತು. ಮಗ ಅತ್ತ. ದುಡ್ಡು ವಾಪಸ್ ಕೇಳಿದರೆ "ನೀವು ನಂಬಲಿಲ್ಲ, ಅದಕ್ಕೆ ಹೋಯಿತು" ಅಂದರು. ಮನಸ್ಸೇ ನೋಡುತ್ತೆ ಅಂತಾದ್ರೆ ಕಣ್ಣಿಲ್ಲದೆ ಯಾಕೆ ಆಗಲ್ಲ ಅಂತ ಅವರ ವಾದ.

ಪೊವಾಯಿ ಪುಸ್ತಕಹುಳ · 1:40

ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಪ್ರಯೋಗ ಅಂದ್ರೆ ಅದು.

ಇದೇ ತಪ್ಪು ಅರ್ಥ ಎಲ್ಲೆಡೆ ಓಡಾಡುತ್ತೆ. ಮನಸ್ಸಿನ ಕೆಲಸ, ಬಂದ ಬೆಳಕನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಬೆಳಕೇ ಬರದಿದ್ದರೆ ಎದುರಿನ ಎಲೆ ಯಾವುದು ಅಂತ ಯಾವ ಮಿದುಳಿಗೂ ಗೊತ್ತಾಗಲ್ಲ. ಎದುರಿನ ಪರದೆ ಖಾಲಿಯಾದ ಮೇಲೂ ಗೆರೆಗಳ ಓರೆಯನ್ನು ನೆನಪಿಟ್ಟುಕೊಂಡರೆ, ಆ ಓರೆ ಯಾವುದು ಅಂತ ತಲೆಯ ಹಿಂಭಾಗದ, ಕಣ್ಣಿನ ಸುದ್ದಿ ಮೊದಲು ತಲುಪುವ ವಿ-ಒನ್ ಅನ್ನುವ ಭಾಗ ನೋಡಿ ಸ್ಕ್ಯಾನರ್‌ನಿಂದ ಊಹಿಸಬಹುದು, ಅದು ನಿಜ. ಹ್ಯಾರಿಸನ್ ಮತ್ತು ಟಾಂಗ್ 2009ರಲ್ಲಿ ತೋರಿಸಿದ್ದಾರೆ. ಆದರೆ ಅದು ಮೊದಲೇ ನೋಡಿದ ಗೆರೆ.

ಈಗ ಬೆಳಿಗ್ಗೆ ಬಿಟ್ಟ ಮಾತು. ಕಣ್ಣಿನಿಂದ ಹೊರಟ ಸುದ್ದಿ, ಮಿದುಳಿನ ನಡುಭಾಗದ ಥಲಾಮಸ್ ಅನ್ನುವ ಕಡೆ ಒಂದು ಜಂಕ್ಷನ್‌ನಲ್ಲಿ ಇಳಿದು ಹತ್ತಿ ಹಿಂದಲೆಗೆ ಹೋಗುತ್ತೆ. ಆ ಜಂಕ್ಷನ್‌ಗೆ ಬರುವ ನರಗಳ ಜೋಡಣೆಯಲ್ಲಿ ಕಣ್ಣಿನಿಂದ ಬರುವುದು ಸುಮಾರು 10 ಪರ್ಸೆಂಟ್ ಮಾತ್ರ. ಉಳಿದದ್ದು ಮಿದುಳಿನೊಳಗಿನಿಂದಲೇ ಬರುವಂಥದ್ದು, ಅದರಲ್ಲಿ ಒಂದು ದೊಡ್ಡ ಪಾಲು ಹಿಂದಲೆಯಿಂದ ವಾಪಸು. ಇದನ್ನು ಓದಿದಾಗ ನಾನು ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಆಮೇಲೆ ನಮ್ಮ ಗೈಡ್ ಬೈದರು. ಸಂಖ್ಯೆ ಕಡಿಮೆ ಆದರೂ ಕಣ್ಣಿನಿಂದ ಬರುವುದಕ್ಕೇ ಜೋರು ಜಾಸ್ತಿ, ಉಳಿದವು ಅದನ್ನು ತಿದ್ದುವಂಥವು. ಗಾಡಿ ಓಡಿಸುವವನು ಒಬ್ಬನೇ, ಸಿಗ್ನಲ್ ತೋರಿಸುವವರು ಹತ್ತು ಜನ.

ಕೋಥ್ರುಡ್ ಕಾಕಾ · 2:20

ಒಪ್ಪಿದೆ ಅಂತ ಅಂದುಕೊಳ್ಳಬೇಡ ಮಗಳೇ. ಒಂದು ಕೇಳ್ತೀನಿ. ಮೊದಲ ಕ್ಷಣದಲ್ಲೇ ಬದಲಾಗುತ್ತಾ, ಆಮೇಲೆ ಬದಲಾಗುತ್ತಾ? ಮೊದಲ ಕ್ಷಣ ಶುದ್ಧವಾಗಿದ್ದರೆ ನನ್ನ ಕ್ಯಾಮೆರಾ ಬದುಕಿತು.

ಪೊವಾಯಿ ಪುಸ್ತಕಹುಳ · 5:55

ಕಾಕಾ, ಒಳ್ಳೆಯ ಗುದ್ದು. ಇಲ್ಲಿ ನಿಮಗೆ ಸ್ವಲ್ಪ ಜಾಗ ಬಿಡಬೇಕು.

ತಲೆಗೆ ತಂತಿ ಅಂಟಿಸಿ ಅಳೆದಾಗ, ಹಿಂದಲೆಗೆ ತಲುಪುವ ಮೊದಲ ಅಲೆ ಗಮನ ಎಲ್ಲಿದ್ದರೂ ಬಹುಪಾಲು ಪ್ರಯೋಗಗಳಲ್ಲಿ ಬದಲಾಗಿಲ್ಲ. ಅದರ ಹಿಂದೆಯೇ, ಸೆಕೆಂಡಿನ ಹತ್ತನೇ ಒಂದು ಭಾಗದ ಸುಮಾರಿಗೆ ಬರುವ ಅಲೆ ಮಾತ್ರ ಬದಲಾಗುತ್ತೆ, ನೀವು ಆ ಜಾಗವನ್ನು ಕಾಯುತ್ತಿದ್ದರೆ ಅದು ದೊಡ್ಡದಾಗುತ್ತೆ. ವಿ-ಒನ್ ಕೂಡ ಬದಲಾಗುತ್ತೆ, ಆದರೆ ದಾರಿಯಲ್ಲಿ ಅದಕ್ಕಿಂತ ಮುಂದಿರುವ ಭಾಗಗಳಿಂದ ಸುದ್ದಿ ವಾಪಸು ಬಂದ ಮೇಲೆ. ಅಂದ್ರೆ ನಿಮ್ಮ ಕ್ಯಾಮೆರಾ ಬದುಕಿದೆ, ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ.

ಆ ಮುಂದಿನ ಭಾಗಗಳಲ್ಲಿ ಬದಲಾವಣೆ ಜೋರು. 2013ರಲ್ಲಿ ಬರ್ಕ್ಲಿಯ ಜಾಕ್ ಗ್ಯಾಲಂಟ್ ಅವರ ಲ್ಯಾಬಿನಲ್ಲಿ ತೋಲ್ಗಾ ಚುಕುರ್ ಮತ್ತು ಜೊತೆಯವರು ಜನರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಸಿನಿಮಾ ತುಣುಕು ತೋರಿಸಿದರು. ಒಮ್ಮೆ "ಮನುಷ್ಯರನ್ನು ಹುಡುಕಿ", ಇನ್ನೊಮ್ಮೆ "ವಾಹನ ಹುಡುಕಿ". ಮನುಷ್ಯರನ್ನು ಹುಡುಕುವಾಗ ಮಿದುಳಿನ ತುಂಬಾ ಕಡೆ ಮನುಷ್ಯರಿಗೆ ಜಾಗ ಹೆಚ್ಚಾಯಿತು. ಬರೀ ಮನುಷ್ಯರಿಗಲ್ಲ, ಅವರಿಗೆ ಹತ್ತಿರವಾದ ಪ್ರಾಣಿಗಳಿಗೂ. ಉಳಿದದ್ದಕ್ಕೆ ಜಾಗ ಕಡಿಮೆಯಾಯಿತು. ನೀಲಿ ಶರ್ಟು ಹುಡುಕಿದವರಿಗೆ ನೀಲಿ ಡ್ರಮ್ಮು ಕೂಡ ಎದ್ದು ಕಂಡದ್ದು ಇದೇ ಜಾತಿಯ ಆಟ, ಇಲ್ಲಿ ಬಣ್ಣದ್ದು.

ಇನ್ನೊಂದು, ಇದು ನನಗೆ ತುಂಬಾ ಇಷ್ಟ. 2017ರಲ್ಲಿ ಕೆಂಡ್ರಿಕ್ ಕೇ ಮತ್ತು ಜೇಸನ್ ಯೀಟ್‌ಮನ್ ಅಕ್ಷರ ಮತ್ತು ಮುಖಗಳನ್ನು ಮಸುಕು ಮಾಡಿ ತೋರಿಸಿದರು. ಒಮ್ಮೆ ನಡುವಿನ ಚುಕ್ಕೆಯ ಬಣ್ಣ ನೋಡಿ ಅಂದರು, ಒಮ್ಮೆ "ಇದು ಅಕ್ಷರವೋ ಮುಖವೋ ಬೇರೆಯೋ ಹೇಳಿ" ಅಂದರು. ತೀರ್ಮಾನ ಹೇಳಬೇಕಾದಾಗ ಓದುವ ಜಾಗ, ಮುಖದ ಜಾಗ ಎರಡೂ ಜಾಸ್ತಿ ಉರಿದವು. ಆ ತಳ್ಳು ಬರುವುದು ನೆತ್ತಿಯ ಹತ್ತಿರದ ಇನ್ನೊಂದು ಭಾಗದಿಂದ, ಚಿತ್ರ ಅನುಮಾನಕ್ಕೆ ಎಡೆ ಕೊಟ್ಟಷ್ಟೂ ತಳ್ಳು ಹೆಚ್ಚು, ಅಂತ ಅವರ ಲೆಕ್ಕಾಚಾರ. ಕತ್ತಲಲ್ಲಿ ಬಸ್ಸಿನ ಬೋರ್ಡ್ ಓದಲು ಹುಬ್ಬು ಗಂಟಿಕ್ಕುತ್ತೀವಲ್ಲ, ತಲೆಯೊಳಗೂ ಹಾಗೇ.

ಎಕ್ಸ್‌ರೇ ಅಕ್ಕ · 6:30

ಹಾಗಿದ್ರೆ ಮನಸ್ಸು ಯಾವುದನ್ನು ಬೇಕಾದ್ರೂ ಬಂದ್ ಮಾಡಬಹುದಾ? ನನಗೆ ಹಾಗನಿಸಲ್ಲ. ಮನೆಯಲ್ಲಿ ಮಗಳ ಜೊತೆ ಒಂದು ಆಟ ಆಡಿದ್ದೆ. ಹಸಿರು ಸ್ಕೆಚ್ ಪೆನ್ನಿನಲ್ಲಿ "ಕೆಂಪು" ಅಂತ ಬರೆಯೋದು, ನೀಲಿಯಲ್ಲಿ "ಹಳದಿ". ಪದ ಓದಬಾರದು, ಶಾಯಿಯ ಬಣ್ಣ ಮಾತ್ರ ಪಟಪಟ ಹೇಳಬೇಕು. ನಾನು ತೊದಲಿ ತೊದಲಿ ಸೋತೆ. ಅವಳು ಸಲೀಸಾಗಿ ಹೇಳಿದಳು. ಎಷ್ಟು ಜಾಣೆ ಅಂತ ಹಿಗ್ಗಿದೆ. ಆಮೇಲೆ ಅವಳು ಅದನ್ನೇ ಮರಾಠಿಯಲ್ಲಿ ಬರೆದು ಹೇಳಲು ಹೋದಳು, ಮೂರನೇ ಪದಕ್ಕೇ ತಡವರಿಸಿದಳು. ಅವಳು ಓದೋದು ಮರಾಠಿ ಶಾಲೆಯಲ್ಲಿ. ಕನ್ನಡ ಕೂಡಿಸಿ ಕೂಡಿಸಿ ಓದುತ್ತಾಳೆ, ಅದಕ್ಕೆ ಕನ್ನಡ ಪದ ಅವಳಿಗೆ ಅಡ್ಡ ಬರಲಿಲ್ಲ. ನಕ್ಕೆ, ಆದರೆ ಸ್ವಲ್ಪ ಚುರುಕ್ ಅಂದಿತು.

ಪೊವಾಯಿ ಪುಸ್ತಕಹುಳ · 6:48

ಅಕ್ಕಾ, ಅದು ಸ್ಟ್ರೂಪ್ ಅನ್ನುವವರು 1935ರಲ್ಲಿ ಮಾಡಿದ ಪ್ರಯೋಗದ ಆಟ. ಸರಿಯಾಗಿ ಹಿಡಿದಿದ್ದೀರಿ. ಚೆನ್ನಾಗಿ ಬರುವ ಓದನ್ನು ಬೇಡ ಅಂದರೂ ನಿಲ್ಲಿಸಲಾಗಲ್ಲ. ಕೆಲಸ ಕೊಟ್ಟ ತಕ್ಷಣ ಮಿದುಳು ಪೂರ್ತಿ ಮಾತು ಕೇಳುತ್ತೆ ಅಂತಲ್ಲ.

ಕೋಥ್ರುಡ್ ಕಾಕಾ · ರಾತ್ರಿ 9:10

ಸರಿ, ನನ್ನದೊಂದು ಗುಟ್ಟು ಹೇಳಿಬಿಡ್ತೀನಿ. ಹೋದ ತಿಂಗಳು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರು ಓಡಿಸುತ್ತಿದ್ದೆ. ಬ್ಲೂಟೂತ್‌ನಲ್ಲಿ ತಮ್ಮನ ಜೊತೆ ಊರಿನ ಜಮೀನಿನ ಪಾಲು ಮಾತು. ಕೈ ಸ್ಟೀರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ. ಲೋಣಾವಳದಲ್ಲಿ ಇಳಿಯಬೇಕಿತ್ತು. ಅಷ್ಟು ದೊಡ್ಡ ಬೋರ್ಡು, ಬಿಳಿ ಅಕ್ಷರ. ಕಾಣಲೇ ಇಲ್ಲ. ಹೆಂಡತಿ ಪಕ್ಕದಲ್ಲಿ ಕೂತು ಪೂರ್ತಿ ಮುಂದೆ ಹೋಗುವವರೆಗೆ ಸುಮ್ಮನಿದ್ದಳು. "ನೀವು ನೋಡ್ತಿದ್ರಲ್ಲ, ಬೇಕಂತಲೇ ಬಿಟ್ರಿ ಅಂದುಕೊಂಡೆ" ಅಂದಳು.

ಪೊವಾಯಿ ಪುಸ್ತಕಹುಳ · 9:32

ಕಾಕಾ, ದಯವಿಟ್ಟು ಅದು ಬಿಡಿ. ಕೈ ಖಾಲಿ ಇದ್ದರೆ ಸಾಲದು. ಡೇವಿಡ್ ಸ್ಟ್ರೇಯರ್ ಮತ್ತು ಜೊತೆಯವರು 2003ರಲ್ಲಿ ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ತೋರಿಸಿದ್ದು ಇದೇ. ಕೈಯಲ್ಲಿ ಹಿಡಿಯದ ಫೋನಿನಲ್ಲಿ ಮಾತಾಡುತ್ತಿದ್ದವರು, ಕಣ್ಣು ನೆಟ್ಟು ನೋಡಿದ ದಾರಿಬದಿಯ ಬೋರ್ಡನ್ನು ಕೂಡ ಆಮೇಲೆ ಗುರುತು ಹಿಡಿಯುವುದು ಕಡಿಮೆ.

ಇದರ ಒಳಗಿನ ಸಂಗತಿಗೆ ಹತ್ತಿರವಾದ ಪ್ರಯೋಗ ಲಂಡನ್‌ನದು, 1997ರದು, ರೀಸ್, ಫ್ರಿತ್, ಲ್ಯಾವಿ. ನಡುವೆ ಪದಗಳು, ಸುತ್ತ ಚಲಿಸುವ ಚುಕ್ಕೆಗಳು. ಪದದ ಮೇಲೆ ಸುಲಭದ ಕೆಲಸ ಕೊಟ್ಟಾಗ, ಚಲನೆಯನ್ನು ಹಿಡಿಯುವ ಮಿದುಳಿನ ಭಾಗ ಬೇಡದಿದ್ದರೂ ಚುಕ್ಕೆಗಳಿಗೆ ಎಚ್ಚರಾಗಿತ್ತು. ಪದದಲ್ಲಿ ಎಷ್ಟು ಉಚ್ಚಾರಾಂಶ ಇದೆ ಅಂತ ಲೆಕ್ಕ ಹಾಕುವ ಕಷ್ಟದ ಕೆಲಸ ಕೊಟ್ಟಾಗ ಅದು ತಣ್ಣಗಾಯಿತು. ಚುಕ್ಕೆ ಅಷ್ಟೇ ಓಡುತ್ತಿತ್ತು. ಜಮೀನಿನ ಪಾಲು ಅಂದ್ರೆ ಕಷ್ಟದ ಲೆಕ್ಕವೇ ಅಲ್ವಾ?

ಚಿಕ್ಕಮ್ಮನ ಜೊತೆ ಮಾತಾಡಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ. ಪಕ್ಕ ಕೂತವರಿಗೆ ರಸ್ತೆ ಕಾಣುತ್ತೆ, ಟ್ರಾಫಿಕ್ ಜೋರಾದಾಗ ಅವರೇ ಮಾತು ನಿಲ್ಲಿಸುತ್ತಾರೆ.

ಕೋಥ್ರುಡ್ ಕಾಕಾ · 9:40

ನಮ್ಮ ಮನೆಯವಳು ನಿಲ್ಲಿಸಲ್ಲ. ಆದರೆ ಕ್ಯಾಮೆರಾ ವಾಪಸ್ ತಗೊಂಡೆ.

ಅಡ್ಮಿನ್ · 9:45

ಚರ್ಚೆ ಚೆನ್ನಾಗಿದೆ. ಮಿಡ್‌ಬ್ರೇನ್ ಕ್ಲಾಸಿನ ಜಾಹೀರಾತು ಹಾಕಿದ್ದ ಒಂದು ಪೋಸ್ಟ್ ತೆಗೆದಿದ್ದೇನೆ.

ಡೊಂಬಿವಲಿಕರ · ಮಂಗಳವಾರ ಬೆಳಿಗ್ಗೆ 6:50

ಎಲ್ಲವನ್ನೂ ಭಾವನಿಗೆ ಓದಿ ಹೇಳಿದೆ. ಗೊರಿಲ್ಲಾ ಕಥೆಗೆ ನಕ್ಕರು. ಆಮೇಲೆ "ಅಂದ್ರ ನಾನು ಗೊರಿಲ್ಲಾನ?" ಅಂದರು. ಮತ್ತೆ ಮೊದಲಿನಿಂದ ಸಮಾಧಾನ ಮಾಡಬೇಕಾಯಿತು.

ಪುಸ್ತಕಹುಳ ಮೇಡಂ, ಮುಂದಿನ ತಿಂಗಳು ಅಕ್ಕನೂ ಬರ್ತಾಳೆ. ಏನು ಮಾಡಲಿ ಹೇಳಿ.

ಪೊವಾಯಿ ಪುಸ್ತಕಹುಳ · 7:15

ಬಟ್ಟೆಯ ಬಣ್ಣ ಕೇಳಲೇಬೇಡಿ ಸರ್. ಕೇಳಿದರೆ ನಿಮ್ಮ ತಲೆ ಬಣ್ಣಕ್ಕೇ ಟ್ಯೂನ್ ಆಗುತ್ತೆ. ಬದಲಾಗದ ಜಾಗ ಒಂದನ್ನು ಹೇಳಿ, ಅಲ್ಲಿ ನಿಂತು ಮುಖ ನೋಡಿ.

ಮಾಟುಂಗಾ ಮಾಣಿ · 7:22

ಗಾಡಿಯ ಹೊತ್ತು ತೋರಿಸುವ ಇಂಡಿಕೇಟರ್ ಕೆಳಗೆ ಅನ್ನಿ, ಹಳೇ ಮುಂಬೈ ಪದ್ಧತಿ. ಯಾವ ಪ್ಲಾಟ್‌ಫಾರಂ ಅಂತ ಮಾತ್ರ ಸರಿಯಾಗಿ ಹೇಳಿ, ದಾದರ್‌ನಲ್ಲಿ ಇಂಡಿಕೇಟರ್ ಒಂದೆರಡಲ್ಲ. ಮತ್ತೆ ಭಾವನಿಗೆ ಒಂದು ಪವರ್ ಬ್ಯಾಂಕ್ ಕೊಡಿಸಿ ಮಾರಾಯ್ರೆ.